ಗೂಡ್ಸ್ ಆಟೋ: ಕೊಳ್ಳುವ ಮೊದಲು, ಹೇರುವ ಮೊದಲು

ತೋಟದ ಮೂಲೆಯಿಂದ ಅಂಗಳಕ್ಕೆ, ಅಂಗಳದಿಂದ ಪೇಟೆಗೆ. ಕೃಷಿಕನ ಅರ್ಧ ಆಯುಷ್ಯ ಹೊರುವುದರಲ್ಲೇ ಹೋಗುತ್ತದೆ. ತಲೆಹೊರೆಗೆ ಜನ ಸಿಗುವುದಿಲ್ಲ. ಪಿಕಪ್ಪು ಕೊಳ್ಳುವಷ್ಟು ಹಣವಿಲ್ಲ, ಕೊಂಡರೂ ನಮ್ಮ ಓಣಿಯಲ್ಲಿ ತಿರುಗುವುದಿಲ್ಲ. ಹಾಗಾಗಿ ಸಣ್ಣ ಹಿಡುವಳಿಯವರ ಕಣ್ಣು ಮೂರು ಗಾಲಿಯ ಗೂಡ್ಸ್ ಆಟೋದ ಮೇಲೆ ಬೀಳುತ್ತದೆ. ಮುಂದೆ ಬಾಗಿಲಿಲ್ಲದ ಗೂಡು, ಹಿಂದೆ ತೆರೆದ ಬಾಡಿ. ಅಷ್ಟೇ ವಾಹನ.

ನನ್ನಲ್ಲಿ ಇಂಥದ್ದೊಂದು ಹಲವು ವರ್ಷಗಳಿಂದ ಉಂಟು. ಅಡಿಕೆ, ತೆಂಗಿನಕಾಯಿ, ಹಟ್ಟಿಗೊಬ್ಬರ, ಬೈಹುಲ್ಲು, ಬೋರ್ಡೋ ದ್ರಾವಣದ ಡ್ರಮ್ಮು ಎಲ್ಲ ಹೊತ್ತಿದೆ. ಕೊಳ್ಳುವವರು ಮೈಲೇಜು ಕೇಳುತ್ತಾರೆ, ಬೆಲೆ ಕೇಳುತ್ತಾರೆ. ಗಾಲಿ ಮೂರೇ ಇರುವುದರಿಂದ ಆಗುವ ವ್ಯತ್ಯಾಸ ಏನು ಅಂತ ಕೇಳುವವರು ಕಡಿಮೆ. ಮಗುಚಿ ಬಿದ್ದಾಗ ಕೇಳುತ್ತಾರೆ. ಅದನ್ನೇ ಮೊದಲು ನೋಡೋಣ.

ಮೂರು ಕಾಲಿನ ಸ್ಟೂಲು

ಮೂರು ಕಾಲಿನ ಸ್ಟೂಲನ್ನು ಎಂಥ ಏರುತಗ್ಗಿನ ನೆಲದಲ್ಲಿಟ್ಟರೂ ಅಲುಗಾಡುವುದಿಲ್ಲ. ನಾಲ್ಕು ಕಾಲಿನದ್ದು ಅಲುಗಾಡುತ್ತದೆ. ಗೂಡ್ಸ್ ಆಟೋ ಕೆಟ್ಟ ರಸ್ತೆಯಲ್ಲೂ ಮೂರೂ ಗಾಲಿ ಊರಿಕೊಂಡು ಹೋಗುವುದು ಇದೇ ಗುಣದಿಂದ. ಆದರೆ ಅದೇ ಸ್ಟೂಲಿನ ಮೇಲೆ ಕುಳಿತು ಎರಡು ಕಾಲುಗಳ ನಡುವಿನ ಕಡೆಗೆ ಸ್ವಲ್ಪ ವಾಲಿ ನೋಡಿ. ತಟ್ಟನೆ ಮಗುಚುತ್ತದೆ. ಆ ಕಡೆ ಊರುಗೋಲು ಇಲ್ಲವಲ್ಲ!

ನಮ್ಮ ಆಟೋದ ಊರುಗೋಲು ಇಲ್ಲದ ಜಾಗ ಎಲ್ಲಿ? ಮುಂದಿನ ಗಾಲಿಯ ಎಡ ಮತ್ತು ಬಲ ಬದಿಯಲ್ಲಿ. ಅಂಗಳದಲ್ಲಿ ಆಟೋ ನಿಲ್ಲಿಸಿ, ಮೂರು ಗಾಲಿ ನೆಲ ಮುಟ್ಟುವಲ್ಲಿ ಗುರುತು ಹಾಕಿ, ಮೂರನ್ನೂ ಸುಣ್ಣದ ಗೆರೆಯಿಂದ ಸೇರಿಸಿ. ಒಂದು ತ್ರಿಕೋನ ಸಿಗುತ್ತದೆ. ವಾಹನ ಮತ್ತು ಹೊರೆಯ ಒಟ್ಟು ತೂಕದ ನಡು (ಶಾಲೆ ಪುಸ್ತಕದ ಗುರುತ್ವ ಕೇಂದ್ರ) ಈ ತ್ರಿಕೋನದ ಒಳಗಿರುವ ತನಕ ಆಟೋ ನಿಂತಿರುತ್ತದೆ. ಗೆರೆ ದಾಟಿತೋ, ಬಿತ್ತು.

ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಹಿಂದಿನ ಎರಡು ಗಾಲಿಗಳ ಅಂತರ 4 ಅಡಿ. ಮುಂದಿನ ಗಾಲಿಯಿಂದ ಹಿಂದಿನ ಅಚ್ಚಿಗೆ 7 ಅಡಿ. ಖಾಲಿ ಆಟೋದ ತೂಕದ ನಡು ಮುಂದಿನ ಗಾಲಿಯಿಂದ ಮೂರರಲ್ಲಿ ಎರಡು ಪಾಲು ಹಿಂದೆ ಇದೆ ಅನ್ನೋಣ. ಅಲ್ಲಿ ತ್ರಿಕೋನದ ಅಗಲ 4 ಅಡಿ ಅಲ್ಲ, 2 ಅಡಿ 8 ಇಂಚು. ನಡುವಿನಿಂದ ಒಂದು ಬದಿಯ ಗೆರೆಗೆ ಬರೀ 16 ಇಂಚು. ಇದೇ ಅಗಲದ ನಾಲ್ಕು ಗಾಲಿಯ ವಾಹನಕ್ಕೆ 24 ಇಂಚು ಸಿಗುತ್ತಿತ್ತು. ಹೊರೆಯನ್ನು ಹಿಂದಿನ ಅಚ್ಚಿನ ಹತ್ತಿರ ಇಟ್ಟರೆ ತೂಕದ ನಡು ಹಿಂದೆ ಸರಿದು ಒಂದು 19 ಇಂಚು ಆದೀತು.

ಇನ್ನು ಎತ್ತರ. ಗೊಬ್ಬರದ ಚೀಲವನ್ನು ಬಾಡಿಯಲ್ಲಿ ಅಡ್ಡಡ್ಡ ಮಲಗಿಸಿದಾಗ ಒಟ್ಟು ತೂಕದ ನಡು ನೆಲದಿಂದ 27 ಇಂಚು ಇದೆ ಎಂದುಕೊಳ್ಳಿ. ಅದೇ ತೂಕವನ್ನು ತಲೆ ಮೇಲಿನವರೆಗೆ ಪೇರಿಸಿದರೆ 38 ಇಂಚಿಗೆ ಏರುತ್ತದೆ. ತಿರುವಿನಲ್ಲಿ ಹೊರಗೆ ತಳ್ಳುವ ಬಲ ತೂಕದ ಎಷ್ಟು ಪಾಲಾದರೆ ಮಗುಚುತ್ತದೆ ಎನ್ನುವುದು ಈ ಎರಡು ಅಳತೆಯ ಭಾಗಾಕಾರ. 19ನ್ನು 27ರಿಂದ ಭಾಗಿಸಿದರೆ 0.7. 38ರಿಂದ ಭಾಗಿಸಿದರೆ 0.5. ನಮ್ಮ ಗುಡ್ಡದ ರಸ್ತೆಯ 10 ಮೀಟರ್ ತ್ರಿಜ್ಯದ ಒಂದು ತಿರುವಿನಲ್ಲಿ ಮೊದಲನೆಯದು ಸುಮಾರು 30 ಕಿಲೋಮೀಟರ್ ವೇಗದಲ್ಲಿ ಮಗುಚಿದರೆ, ಎರಡನೆಯದು 25ರಲ್ಲೇ. ರಸ್ತೆ ಹತ್ತಡಿಗೆ ಒಂದಡಿಯಂತೆ ಹೊರಬದಿಗೆ ವಾಲಿದ್ದರೆ 22ರಲ್ಲಿ.

ಇದು ಕಾಗದದ ಲೆಕ್ಕ. ನಿಜ ರಸ್ತೆಯಲ್ಲಿ ಸ್ಪ್ರಿಂಗು ಕುಗ್ಗುತ್ತದೆ, ಟಯರು ಅಪ್ಪಚ್ಚಿಯಾಗುತ್ತದೆ, ಹೊರೆ ಒಂದಿಷ್ಟು ಸರಿಯುತ್ತದೆ. ಮಿತಿ ಇನ್ನೂ ಕೆಳಗಿಳಿಯುತ್ತದೆ. ಹಾಗಾಗಿ ಹೊರೆಯಿರುವಾಗ ಅಂಥ ತಿರುವಿಗೆ 15 ದಾಟಬಾರದು ಎಂಬುದು ನನ್ನ ಅಭಿಪ್ರಾಯ. ವೇಗ ಇಮ್ಮಡಿಯಾದರೆ ಹೊರಗೆ ತಳ್ಳುವ ಬಲ ನಾಲ್ಕು ಪಟ್ಟು. 15ರಲ್ಲಿ ಆರಾಮಾಗಿ ತಿರುಗಿದ ಗಾಡಿ 30ರಲ್ಲಿ 'ಸ್ವಲ್ಪ ಜಾಸ್ತಿ' ವಾಲುವುದಲ್ಲ ಮಾರಾಯ್ರೆ, ಮಲಗಿಯೇ ಬಿಡುತ್ತದೆ.

ಬ್ರೇಕು ತಿರುವಿನ ಮೊದಲು

ತಿರುವಿನ ನಡುವೆ ಬ್ರೇಕ್ ಒತ್ತಿದರೆ ಏನಾಗುತ್ತದೆ? ತೂಕ ಮುಂದಕ್ಕೆ ನುಗ್ಗುತ್ತದೆ. ತಿರುವಿನಿಂದಾಗಿ ಹೊರಕ್ಕೂ ನುಗ್ಗುತ್ತದೆ. ಎರಡೂ ಸೇರಿ ಮುಂದಿನ ಹೊರಮೂಲೆಗೆ. ನಾವು ಆಗಲೇ ಹೇಳಿದ, ಊರುಗೋಲೇ ಇಲ್ಲದ ಜಾಗ ಅದು. ಇಳಿಜಾರಾದರೆ ಕೇಳುವುದೇ ಬೇಡ.

ಅಮೆರಿಕದಲ್ಲಿ 'ಆಟೋಸೈಕಲ್' ಎಂಬ ತೆರೆದ ಮೂರು ಗಾಲಿಯ ವಾಹನಗಳಿವೆ. ಸವಾರಿಯ ಸುಖಕ್ಕಾಗಿ ಓಡಿಸುವಂಥವು. ಪೊಲಾರಿಸ್ ಕಂಪನಿಯ ಸ್ಲಿಂಗ್‌ಶಾಟ್ 2014ರಲ್ಲಿ ಬಂತು. ಅದರಲ್ಲಿ ಮುಂದೆ ಎರಡು ಗಾಲಿ, ಹಿಂದೆ ಒಂದು. ಇಂಗ್ಲೆಂಡಿನ ಮೋರ್ಗನ್ ಸುಮಾರು ನೂರು ವರ್ಷ ಮೊದಲೇ ಹೀಗೆ ಮಾಡಿತ್ತು. ತಿರುವಿನಲ್ಲಿ ಬ್ರೇಕ್ ಹಾಕಿದಾಗ ತೂಕ ನುಗ್ಗುವ ಮೂಲೆಯಲ್ಲೇ ಅವರಿಗೆ ಗಾಲಿ ಇದೆ. ಜೋರಾಗಿ ಓಡಿಸುವವರಿಗೆ ಸರಿ. ಆದರೆ ಹೊರೆಗೆ ಅದು ಆಗುವುದಿಲ್ಲ, ಹಿಂದೆ ಹೇರಿದ ಭಾರವನ್ನೆಲ್ಲ ಒಂದೇ ಗಾಲಿ ಹೊರಬೇಕಲ್ಲ. ಹೊರುವ ವಾಹನಕ್ಕೆ ಹಿಂದೆ ಎರಡು ಗಾಲಿ ಬೇಕೇಬೇಕು, ಅದಕ್ಕೆ ತೆರುವ ಬೆಲೆ ಈ ಮುಂದಿನ ಮೂಲೆ.

ಆದ್ದರಿಂದ ಕ್ರಮ ಹೀಗೆ. ನೇರ ರಸ್ತೆ ಇರುವಾಗಲೇ ಬ್ರೇಕು ಒತ್ತಿ ವೇಗ ಇಳಿಸಿ, ಬ್ರೇಕು ಬಿಡಿ, ಆಮೇಲೆ ಹ್ಯಾಂಡಲ್ ತಿರುಗಿಸಿ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಏರುತ್ತಿದ್ದಿರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ. ಆಗ ಇಡೀ ಭಾರವನ್ನು ಬ್ರೇಕ್ ಡ್ರಮ್ಮೇ ತಡೆಯಬೇಕು. ಅದು ಕಾದರೆ ಹಿಡಿತ ಸಡಿಲ, ಕಾಲು ಎಷ್ಟು ಒತ್ತಿದರೂ ಗಾಡಿ ಓಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ತೋಡು ದಾಟಿದ ಕೂಡಲೇ ಡ್ರಮ್ಮಿನೊಳಗೆ ನೀರು ಸೇರಿರುತ್ತದೆ. ಆಚೆ ದಡದಲ್ಲಿ ನಿಧಾನ ಹೋಗುತ್ತಾ ನಾಲ್ಕು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಹೇರುವ ರೀತಿ

ಭಾರದ್ದು ಕೆಳಗೆ, ಹಗುರದ್ದು ಮೇಲೆ. ಇದು ಎಲ್ಲರಿಗೂ ಗೊತ್ತು. ಹಿಂದೆ ಮುಂದೆ ಎಲ್ಲಿ ಎಂಬುದು ಅಷ್ಟು ಗೊತ್ತಿಲ್ಲ. ಭಾರದ ಚೀಲಗಳು ಹಿಂದಿನ ಅಚ್ಚಿಗಿಂತ ತುಸು ಮುಂದೆ ಬರಬೇಕು. ತೀರಾ ಮುಂದೆ, ಗೂಡಿಗೆ ತಾಗಿಸಿ ಹೇರಿದರೆ ತ್ರಿಕೋನದ ಕಿರಿದಾದ ಭಾಗಕ್ಕೆ ತೂಕ ಬರುತ್ತದೆ. ತೀರಾ ಹಿಂದೆ, ಅಚ್ಚಿನಾಚೆ ಹೇರಿದರೆ ಏತದಂತೆ ಮುಂದಿನ ಗಾಲಿ ಎದ್ದೇಳಲು ನೋಡುತ್ತದೆ. ಚಡಾವಿನಲ್ಲಿ ಇದು ಗೊತ್ತಾಗುತ್ತದೆ. ಹ್ಯಾಂಡಲ್ ತಿರುಗಿಸಿದರೂ ಗಾಡಿ ನೆಟ್ಟಗೇ ಹೋಗುತ್ತದೆ. ಗಾಲಿ ನೆಲ ಒತ್ತುತ್ತಿಲ್ಲ ಎಂದು ಅರ್ಥ. ಹಿಂದಿನ ಬಾಗಿಲು ತೆರೆದು ಉದ್ದನೆಯ ಬಿದಿರು, ಅಡಿಕೆ ಸಲಾಕೆ, ಪೈಪು ಸಾಗಿಸುವವರು ಇದನ್ನು ನೆನಪಿಡಬೇಕು.

ಒಂದೊಂದು ಹೊರೆಗೆ ಒಂದೊಂದು ಗುಣ. ಬೈಹುಲ್ಲು ಹಗುರ, ಹಾಗಾಗಿ ಎತ್ತರಕ್ಕೆ ಪೇರಿಸುತ್ತೇವೆ. ಮೇಲಿನಿಂದ ಗಾಳಿ ಬೇರೆ ತಳ್ಳುತ್ತದೆ. ಕೆಂಪುಕಲ್ಲು ಇದಕ್ಕೆ ತದ್ವಿರುದ್ಧ. ಬಾಡಿಯ ಅಡಿ ಮುಚ್ಚುವಷ್ಟು ಇಟ್ಟಾಗಲೇ ತೂಕದ ಮಿತಿ ದಾಟಿರುತ್ತದೆ, ಕಣ್ಣಿಗೆ ಮಾತ್ರ ಖಾಲಿ ಕಾಣುತ್ತದೆ. ಸುಲಿಯದ ತೆಂಗಿನಕಾಯಿ ಉರುಳುತ್ತದೆ, ಒಂದು ತಿರುವಿಗೆ ಎಲ್ಲ ಒಂದು ಬದಿ ಸೇರುತ್ತದೆ. ಗೋಣಿಯಲ್ಲಿ ತುಂಬಿಸಿದರೆ ಅಥವಾ ನಡುವೆ ಒಂದು ಹಲಗೆ ಅಡ್ಡಕೊಟ್ಟರೆ ಈ ಕಿರಿಕಿರಿ ಇಲ್ಲ.

ಎಲ್ಲಕ್ಕಿಂತ ಅಪಾಯ ನೀರು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ 200 ಲೀಟರಿನ ಡ್ರಮ್ಮಿಟ್ಟು ತೋಟದೊಳಗೆ ಹೋಗುತ್ತೇವೆ. ತುಂಬಿದ ಡ್ರಮ್ಮು 200 ಕಿಲೋ ಭಾರ, ಆದರೆ ನಿಂತಲ್ಲೇ ನಿಲ್ಲುತ್ತದೆ. ಅರ್ಧವಾದಾಗ ಒಳಗಿನ 100 ಕಿಲೋ ನೀರು ತಿರುವಿಗೆ ತಕ್ಕಂತೆ ಹೊರಬದಿಗೆ ತುಳುಕುತ್ತದೆ. ಅದೂ ಗಾಡಿ ವಾಲಿದ ಮರುಕ್ಷಣಕ್ಕೆ, ಸರಿಯಾಗಿ ಬೇಡದ ಹೊತ್ತಿಗೆ. ಡ್ರಮ್ಮು ಅರ್ಧವಾದರೆ ಬೇರೆ ಜಾಗಕ್ಕೆ ಓಡಿಸಬೇಡಿ, ಅಲ್ಲೇ ಖಾಲಿ ಮಾಡಿ ಹೊರಡಿ. ಇಲ್ಲವಾದರೆ 20, 30 ಲೀಟರಿನ ಕ್ಯಾನುಗಳಲ್ಲಿ ಒಯ್ಯಿರಿ. ಇನ್ನೊಂದು ಮಾತು. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ, ಪೊಟ್ಯಾಷು ಚೆಲ್ಲಿದರೂ ಹಾಗೆಯೇ. ಸಂಜೆ ಬಾಡಿ ತೊಳೆಯದಿದ್ದರೆ ಒಂದೆರಡು ಮಳೆಗಾಲದಲ್ಲಿ ತಳ ತೂತು.

ಎಷ್ಟು ಹೇರಬಹುದು? ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಕಳೆದರೆ ಉಳಿದದ್ದು ನಿಮಗೂ ಸೇರಿ ಸಿಗುವ ತೂಕ. ಮಾರುವ ಅಂಗಡಿಯೊಂದರಲ್ಲಿ ನನಗೆ, "ಅದು ನಾಮಕಾವಸ್ತೆ ಸಾರ್, ಇಮ್ಮಡಿ ಹಾಕಿದರೂ ಎಳೀತದೆ" ಅಂದಿದ್ದರು. ಎಳೆಯುತ್ತದೆ, ನಿಜ. ನಿಲ್ಲಿಸುವುದು ಯಾರು? ಕೇಂದ್ರದ ಕಾನೂನಿನ 2019ರ ತಿದ್ದುಪಡಿಯಲ್ಲಿ ಅತಿಭಾರಕ್ಕೆ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಯೂರಿಯಾ ಚೀಲ 2018ರಿಂದ 45 ಕಿಲೋ ಆಗಿದೆ, ಉಳಿದ ಗೊಬ್ಬರ ಹೆಚ್ಚಾಗಿ 50 ಕಿಲೋ. ಚೀಲ ಎಣಿಸಿದರೆ ತೂಕ ಬಾಯಲ್ಲೇ ಸಿಗುತ್ತದೆ.

ಮೂರನೆಯ ಜಾಡು

ಜೀಪು ಓಡಿದ ತೋಟದ ರಸ್ತೆಯಲ್ಲಿ ಎರಡು ಜಾಡು, ನಡುವೆ ಹುಲ್ಲಿನ ದಿಣ್ಣೆ. ನಮ್ಮ ಮುಂದಿನ ಗಾಲಿ ಹೋಗುವುದು ಆ ದಿಣ್ಣೆಯ ಮೇಲೆ. ಹುಲ್ಲಿನೊಳಗೆ ಕಲ್ಲಿದೆಯೋ, ಕಡಿದ ಕುತ್ತಿ ಇದೆಯೋ ಕಾಣುವುದಿಲ್ಲ. ಖರ್ಚು ಉಳಿಸಲೆಂದು ಎರಡು ಪಟ್ಟಿಯ ಕಾಂಕ್ರೀಟು ಹಾಕುವವರು ಇದನ್ನು ಯೋಚಿಸಿ. ಆಟೋ ಕೊಳ್ಳುವ ಆಲೋಚನೆ ಇದ್ದರೆ ಮೂರನೆಯ ಪಟ್ಟಿಯೂ ಬೇಕು, ಅಥವಾ ನಡುವೆ ಕಲ್ಲು ಹಾಸಿ ಸಮ ಮಾಡಬೇಕು. ಎರಡು ಹಲಗೆಯ ಸಂಕದಲ್ಲಂತೂ ಆಟೋ ದಾಟುವಂತೆಯೇ ಇಲ್ಲ. ಕಾರಿನವರು ಗುಂಡಿಯನ್ನು ಎರಡು ಗಾಲಿಯ ನಡುವೆ ಬಿಟ್ಟು ದಾಟಿಸುವಂತೆ ನಮಗೆ ದಾಟಿಸಲು ಬರುವುದಿಲ್ಲ. ಒಂದಲ್ಲ ಒಂದು ಗಾಲಿಗೆ ಗುಂಡಿ ಸಿಕ್ಕಿಯೇ ಸಿಗುತ್ತದೆ.

ಚಡಾವಿನಲ್ಲಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕನ್ನಷ್ಟೇ ನಂಬಬೇಡಿ. ಮೊದಲನೆ ಗೇರಿಗೆ ಹಾಕಿ, ಹಿಂದಿನ ಎರಡೂ ಗಾಲಿಗೆ ಕಲ್ಲು ಕೊಡಿ. ಆ ಎರಡು ಕಲ್ಲು ನಮ್ಮ ಗಾಡಿಯಲ್ಲೇ ಖಾಯಂ ಇರುತ್ತವೆ.

ಹಿಂದೆ ಜನ ಕೂರಿಸಬಹುದೆ?

ಕೂರಿಸಬಾರದು. ಕೊಯ್ಲಿನ ದಿನ ಐದಾರು ಜನ ಆಳುಗಳು ಮೇನ್ ರೋಡಿನಲ್ಲಿ ಕಾಯುತ್ತಿರುತ್ತಾರೆ, ಗಾಡಿ ಖಾಲಿ ಬರುತ್ತಿರುತ್ತದೆ. "ಹತ್ತಿಕೊಳ್ಳಿ" ಅನ್ನದಿರುವುದು ಕಷ್ಟ. ಆದರೆ ನಿಂತ ಮನುಷ್ಯನಷ್ಟು ಎತ್ತರದ, ಅಲುಗಾಡುವ ಹೊರೆ ಬೇರೊಂದಿಲ್ಲ. ತಿರುವಿನಲ್ಲಿ ಎಲ್ಲರೂ ಒಂದೇ ಬದಿಯ ಕಂಬಿ ಹಿಡಿಯುತ್ತಾರೆ.

ಇನ್ನು ವಿಮೆ. 1994ರ ತಿದ್ದುಪಡಿಯ ಬಳಿಕ ಸರಕಿನ ಒಡೆಯ ಅಥವಾ ಅವನ ಪರವಾಗಿ ಬಂದವನಿಗೆ ಮಾತ್ರ ಸರಕು ವಾಹನದಲ್ಲಿ ವಿಮೆಯ ರಕ್ಷಣೆ ಉಂಟು. ಸುಮ್ಮನೆ ಹತ್ತಿಸಿಕೊಂಡವರ ಪರಿಹಾರ ವಿಮಾ ಕಂಪನಿಯ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು ಆಶಾರಾಣಿ ಪ್ರಕರಣದಲ್ಲಿ 2002ರಲ್ಲಿ ಹೇಳಿದೆ. ಅಂದರೆ ಅದು ಮಾಲಕನ ತಲೆಗೆ, ಅವನ ತೋಟದ ತಲೆಗೆ. ಸರಕಿನ ಒಡೆಯನಿಗೂ ಆರ್‌ಸಿಯಲ್ಲಿ ಆಸನ ಇರಬೇಕು. ಹಲವು ಗೂಡ್ಸ್ ಆಟೋಗಳಲ್ಲಿ ಚಾಲಕನದ್ದು ಒಂದೇ ಸೀಟು. ಅವನ ಪಕ್ಕಕ್ಕೆ ಹಲಗೆ ಕಟ್ಟಿ ಇನ್ನೊಬ್ಬರನ್ನು ತುರುಕಿದರೆ ಹ್ಯಾಂಡಲ್ ತಿರುಗಿಸಲು ಮೊಣಕೈಗೇ ಜಾಗವಿಲ್ಲ. ಆಳುಗಳಿಗೆ ಬಸ್ಸಿನ ಹಣ ಕೊಡಿ, ಪ್ರಯಾಣಿಕರ ರಿಕ್ಷಾ ಮಾಡಿಕೊಡಿ. ಅಗ್ಗವಾಗುತ್ತದೆ.

ಕಾಗದಪತ್ರ

ಬೈಕಿನ ಲೈಸೆನ್ಸ್ ಸಾಲದು, ಎಲ್‌ಎಂವಿ ಬೇಕು. 7,500 ಕಿಲೋ ಒಳಗಿನ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿತ್ತು. 2024ರ ನವೆಂಬರಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿದಿದೆ. ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಆದರೆ ಎಫ್‌ಸಿ ಬೇಕು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿದ ಗಾಡಿ ತೋಟದೊಳಗೆ ಓಡಿದರೆ ಯಾರೂ ಕೇಳಲಿಕ್ಕಿಲ್ಲ, ಆದರೆ ಸೊಸೈಟಿಗೆ ಹೋಗುವಾಗ ರಸ್ತೆಗಿಳಿಯಲೇಬೇಕಲ್ಲ. ಮಾಲಕ ಮತ್ತು ಚಾಲಕ ಒಬ್ಬನೇ ಆದಾಗ ಸಿಗುವ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಪಾಲಿಸಿಯಲ್ಲಿ ಸೇರಿದೆಯೇ ನೋಡಿಕೊಳ್ಳಿ.

ಕೊಂಡರೆ ಹೊಂದೀತೆ?

ಲೆಕ್ಕ ಸುಲಭ. ಓಡಿದರೂ ಓಡದಿದ್ದರೂ ಬರುವ ಖರ್ಚು ಒಂದು: ಸಾಲದ ಕಂತು, ವಿಮೆ, ತೆರಿಗೆ, ಎಫ್‌ಸಿ. ಓಡಿದರೆ ಮಾತ್ರ ಬರುವುದು ಇನ್ನೊಂದು: ಡೀಸೆಲು, ಟಯರು, ಎಣ್ಣೆ. ಉದಾಹರಣೆಗೆ ಮೊದಲನೆಯದು ವರ್ಷಕ್ಕೆ 60,000 ರೂಪಾಯಿ ಅನ್ನೋಣ. ಬಾಡಿಗೆ ಗಾಡಿಗೆ ಒಂದು ಟ್ರಿಪ್ಪಿಗೆ 600 ಕೊಡುತ್ತಿದ್ದೀರಿ, ಸ್ವಂತ ಗಾಡಿಯಲ್ಲಿ ಅದೇ ಟ್ರಿಪ್ಪಿಗೆ 200 ತಗಲುತ್ತದೆ. ಉಳಿತಾಯ 400. ಅರುವತ್ತು ಸಾವಿರ ಹುಟ್ಟಬೇಕಾದರೆ ವರ್ಷಕ್ಕೆ 150 ಟ್ರಿಪ್ ಬೇಕು. ನಿಮ್ಮ ಊರಿನ ಅಂಕಿ ಹಾಕಿಕೊಂಡು ನೋಡಿ. ಎರಡೆಕರೆ ತೋಟದವನಿಗೆ 150 ಟ್ರಿಪ್ ಎಲ್ಲಿಂದ? ಒಬ್ಬನಿಗೇ ಆದರೆ ಇದು ಹೊರೆ ಹೊರುವ ಗಾಡಿಯಲ್ಲ, ಗಾಡಿಯೇ ಹೊರೆ. ನೆರೆಕರೆಯ ಮೂರ್ನಾಲ್ಕು ಮನೆಯ ಹಾಲು, ಗೊಬ್ಬರ, ಅಡಿಕೆ ಒಯ್ಯುವಂತಿದ್ದರೆ ಹೊಂದುತ್ತದೆ. ಹಳದಿ ಬೋರ್ಡಿನ ಗಾಡಿಯಾದ್ದರಿಂದ ಬಾಡಿಗೆ ಪಡೆಯಲು ಅಡ್ಡಿಯಿಲ್ಲ.

ಅಂದಹಾಗೆ, 'ಟೆಂಪೋ' ಎಂದು ನಾವು ಎಲ್ಲ ಸಣ್ಣ ಲಾರಿಗೂ ಹೇಳುತ್ತೇವಲ್ಲ, ಅದು ಜರ್ಮನಿಯ ಮೂರು ಗಾಲಿಯ ಸರಕು ಗಾಡಿಯೊಂದರ ಹೆಸರು. ಬಜಾಜ್ ಟೆಂಪೋ ಕಂಪನಿ 1958ರಲ್ಲಿ ಶುರುವಾಗಿ ಅದನ್ನು ಇಲ್ಲಿ ತಯಾರಿಸಿತು. 'ಆಪೆ'ಯನ್ನು 1948ರಲ್ಲಿ ರೂಪಿಸಿದ್ದು ಇಟಲಿಯಲ್ಲಿ. ಅಲ್ಲಿನ ಭಾಷೆಯಲ್ಲಿ ಆಪೆ ಅಂದರೆ ಜೇನುನೊಣ. ಹೊರುವ ಕೆಲಸ ಎರಡಕ್ಕೂ ಒಂದೇ.

ಈಗ ಬ್ಯಾಟರಿಯ ಗೂಡ್ಸ್ ಆಟೋಗಳೂ ಬಂದಿವೆ. ಮಹೀಂದ್ರಾದ ಟ್ರಿಯೋ ಝೋರ್ 2020ರಲ್ಲಿ ಬಂತು, ಬೇರೆ ಕಂಪನಿಗಳದ್ದೂ ಇವೆ. ಭಾರದ ಬ್ಯಾಟರಿ ಬಾಡಿಯಡಿಯಲ್ಲಿ ಇರುವ ಮಾದರಿಗಳಲ್ಲಿ ತೂಕದ ನಡು ಕೆಳಗಿಳಿಯುವುದು ಒಂದು ಲಾಭ. ಕ್ಲಚ್ಚು ಗೇರಿನ ತಾಪತ್ರಯ ಇಲ್ಲ. ಆದರೆ ಕಂಪನಿ ಹೇಳುವ ದೂರ ಚಡಾವಿನಲ್ಲಿ, ತುಂಬಿದ ಹೊರೆಯಲ್ಲಿ ಸಿಗುವುದಿಲ್ಲ. ಕೊಳ್ಳುವ ಮೊದಲು ನಿಮ್ಮ ಮನೆಯ ಚಡಾವಿಗೇ, ನಿಮ್ಮದೇ ಹೊರೆ ಹೇರಿ ಓಡಿಸಿ ತೋರಿಸಲು ಹೇಳಿ. ಕರೆಂಟಿನ ಗತಿ ನಿಮ್ಮ ಊರಿನಲ್ಲಿ ಹೇಗೆಂದು ನಿಮಗೇ ಗೊತ್ತು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರೇ ನಮ್ಮಲ್ಲಿ ಹೆಚ್ಚು. ಪೈಂಟು ನೋಡಬೇಡಿ, ಅಡಿಗೆ ಮಲಗಿ ಚಾಸಿ ನೋಡಿ. ಮೀನು, ಗೊಬ್ಬರ ಸಾಗಿಸಿದ ಗಾಡಿಯಾದರೆ ತುಕ್ಕು ಅಲ್ಲಿಂದಲೇ ಶುರು. ಜಾಕ್ ಕೊಟ್ಟು ಮುಂದಿನ ಗಾಲಿ ಎತ್ತಿ, ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಫೋರ್ಕಿನಲ್ಲಿ ಅಥವಾ ಬೇರಿಂಗಿನಲ್ಲಿ ಸವೆತ ಇದೆ. ಇದು ಮೂರರಲ್ಲಿ ದಾರಿ ಹಿಡಿಯುವ ಒಂದೇ ಗಾಲಿ, ಇಲ್ಲಿ ರಾಜಿ ಬೇಡ. ನೇರ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಬ್ರೇಕು ಒತ್ತಿ, ಒಂದು ಬದಿಗೆ ಎಳೆದರೆ ಹಿಂದಿನ ಎರಡು ಡ್ರಮ್ಮು ಸಮ ಹಿಡಿಯುತ್ತಿಲ್ಲ.

ಹಣ ಕೊಡುವ ಮೊದಲು ಫಾರಂ 29 ಮತ್ತು 30ಕ್ಕೆ ಸಹಿ ಪಡೆಯಿರಿ. ಗಾಡಿಯ ಮೇಲೆ ಸಾಲವಿದ್ದರೆ ಫಾರಂ 35 ಮತ್ತು ಬ್ಯಾಂಕಿನ ತೀರುವಳಿ ಪತ್ರವೂ ಬೇಕು. ಮಾರುವವರಿಗೆ ಇದು ಇನ್ನೂ ಮುಖ್ಯ. ಆರ್‌ಸಿಯಲ್ಲಿ ಹೆಸರಿರುವವನೇ ಮಾಲಕ, ಅಪಘಾತದ ಪರಿಹಾರ ಅವನ ಮೇಲೆಯೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. "ಎಫ್‌ಸಿ ಆದ ಮೇಲೆ ಹೆಸರು ಬದಲಿಸುತ್ತೇನೆ" ಎಂದವನ ಕೈಗೆ ಕೀಲಿ ಕೊಡಬೇಡಿ. ನೀವೇ ಜೊತೆಗೆ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ರಶೀದಿಯ ಪ್ರತಿ ಇಟ್ಟುಕೊಂಡು ಬನ್ನಿ.